ಹದಿನೈದು ನಿಮಿಷಕ್ಕೊಂದು ಬೋಟು

ಆ ಮಾತು ಬಾಯಿಂದ ಬೀಳುವಾಗ ಮಾಳೇಶನ ಎರಡೂ ಕೈ ಎಮ್ಮೆಯ ಕೆಚ್ಚಲ ಕೆಳಗಿದ್ದವು. ಫೋನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಯೋಚಿಸಿ ಮಾತಾಡುವುದು ಯಾರಿಗಾದರೂ ಕಷ್ಟವೇ. ಆ ಕಡೆಯಿಂದ ಅವನ ಹೆಂಡತಿ ಸುಜಾತಾಳ ಸೋದರಮಾವ, ಕಬ್ಬೂರಿನ ಮಲಕಾರಿ, ಮಗಳು ಕೋಮಲಳ ಮದುವೆಯನ್ನು ಈ ವರ್ಷ ಮುಗಿಸಬೇಕೆಂದಿದ್ದೇನೆ ಎಂದ. ಅದಕ್ಕೆ ಮೊದಲು ನಿಮ್ಮ ನಡುಗಡ್ಡೆಯನ್ನು ಒಮ್ಮೆ ನೋಡಿಕೊಂಡು ಹೋಗಬೇಕು, ಹೊಳೆ ದಾಟುವ ಅನುಕೂಲ ಹೇಗಿದೆ ಎಂದು ಕೇಳಿದ.

"ಅದಕ್ಕೇನ್ರಿ ಮಾವಾರ, ಹದಿನೈದು ನಿಮಿಷಕ್ಕೊಂದು ಬೋಟ ಐತಿ," ಎಂದುಬಿಟ್ಟ ಮಾಳೇಶ.

ಬೋಟು ಇದ್ದದ್ದು ದಿನಕ್ಕೆ ಮೂರು ಸಲ. ಕೃಷ್ಣೆ ಎರಡು ಸೀಳಾಗಿ ಹರಿದು ಮುಂದೆ ಮತ್ತೆ ಕೂಡುವ ಜಾಗದ ನಡುವೆ ಇಪ್ಪತ್ತೆರಡು ಮನೆ, ಒಂದಷ್ಟು ಕಬ್ಬು, ಬೇಕಾದಷ್ಟು ಹುಲ್ಲು. ಬೆಳಿಗ್ಗೆ ಹಾಲಿನ ಕ್ಯಾನು ದಾಟಿಸಲು ಒಂದು ಬೋಟು, ಮಧ್ಯಾಹ್ನ ಒಂದು, ಸಂಜೆ ಶಾಲೆಯ ಮಕ್ಕಳನ್ನು ಕರೆತರಲು ಒಂದು. ಅದೂ ಇಂಜಿನ್ನಿಗೆ ಮನಸ್ಸು ಬಂದರೆ.

ಈ ಹೊಳೆಯ ದೆಸೆಯಿಂದಲೇ ಮಾಳೇಶನ ತಮ್ಮ ದುಂಡೇಶನಿಗೆ ಮೂವತ್ತೊಂದಾದರೂ ಹೆಣ್ಣು ಸಿಕ್ಕಿರಲಿಲ್ಲ. ಹುಡುಗ ಆಳು ನೋಡಿದರೆ ಕಂಬದಂತಿದ್ದ, ಎರಡಾಳಿನ ಕೆಲಸ ಮಾಡುತ್ತಿದ್ದ, ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ಒಂಬತ್ತು ಕಡೆಯವರು ಬಂದು ಉಂಡು, ಹೊಳೆ ನೋಡಿ, ಹೋದವರು ಹೋದರು. ಕೊನೆಗೆ ಬಂದವರಂತೂ ದಂಡೆಯಲ್ಲಿ ನಾಲ್ಕು ತಾಸು ಬೋಟು ಕಾದು, ನಮ್ಮ ಹುಡುಗಿ ಹಡೆಯುವುದು ಬಂದರೆ ಹೊಳೆಯ ನಡುವೆ ಹಡೆಯಬೇಕೇನು ಎಂದು ಕೇಳಿಯೇ ಹೊರಟಿದ್ದರು. ಈಗ ಹತ್ತನೆಯದು ಸಂಬಂಧಿಕರ ಮನೆಯಿಂದ ತಾನಾಗಿ ನಡೆದು ಬರುತ್ತಿರುವಾಗ ಕೈಬಿಟ್ಟರೆ ತಮ್ಮ ಬ್ರಹ್ಮಚಾರಿಯಾಗಿಯೇ ಮುದುಕನಾಗುತ್ತಾನೆ ಎಂದು ಮಾಳೇಶನಿಗೆ ಖಾತ್ರಿಯಾಗಿತ್ತು.

ಬೋಟು ನಡೆಸುವ ಬಾಹುಬಲಿಯ ಕಾಲಿಗೆ ಬೀಳುವುದೊಂದು ಬಾಕಿ ಉಳಿದಿತ್ತು, ಅಷ್ಟು ಬೇಡಿಕೊಂಡ. ಒಂದೇ ಒಂದು ದಿನ ಬೋಟು ನಿಲ್ಲಬಾರದು, ಡೀಸೆಲ್ ತನ್ನದು, ಮದುವೆಯಲ್ಲಿ ಮೊದಲ ಹೋಳಿಗೆ ಬಾಹುಬಲಿಯ ಎಲೆಗೆ. ಬಾಹುಬಲಿ ಒಪ್ಪಿದ. ಆದರೆ ಅವನದೊಂದು ಅನುಮಾನ ಇತ್ತು.

"ಲೇ ಮಾಳ್ಯಾ, ಖಾಲಿ ಬೋಟ ತಿರಗ್ಯಾಡಿದ್ರ ಹುಚ್ಚ ಹಿಡದೈತಿ ಅಂತಾರ. ಮಂದಿ ಎಲ್ಲಿಂದ ತರ್ತಿ?"

ಮಂದಿಯ ಜವಾಬ್ದಾರಿಯನ್ನು ನೆರೆಮನೆಯ ಅಣ್ಣಾಸಾಬ ವಹಿಸಿಕೊಂಡ. ಊರಿನ ನಾಟಕಗಳಿಗೆ ಅವನೇ ಮಾಸ್ತರ, ಕೈಯಲ್ಲಿ ನಾಟಕವಿಲ್ಲದೆ ಎರಡು ವರ್ಷವಾಗಿತ್ತು. ತಾನೂ ಸೇರಿದಂತೆ ಏಳು ಜನರನ್ನು ಆರಿಸಿದ. ಮೊದಲ ಸುತ್ತಿಗೆ ಟೊಪ್ಪಿಗೆ, ಎರಡನೆಯದಕ್ಕೆ ಪಟಗಾ, ಮೂರನೆಯದಕ್ಕೆ ಬರಿ ತಲೆ, ಹೆಗಲಿಗೆ ಟಾವೆಲ್ಲು ಎಂದು ಎಲ್ಲರಿಗೂ ಹೇಳಿಕೊಟ್ಟ. ಹಿತ್ತಲ ಮನೆಯ ಹೊಳೆವ್ವ ಮಾತ್ರ ಅವನ ಮಾತು ಕೇಳಲಿಲ್ಲ. ಕೋಳಿ ಹಿಡಿಯದೆ ತಾನು ಯಾವತ್ತೂ ಹೊಳೆ ದಾಟಿದವಳಲ್ಲ, ಇವತ್ತು ಬರಿಗೈಯಲ್ಲಿ ಹೋದರೆ ಆಚೆ ದಂಡೆಯವರು ಏನೆಂದಾರು ಎಂದಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮಲಕಾರಿ ಬಂದಿಳಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹರೆಯದಿಂದ ಕುರಿಯ ಹಿಂದೆ ನಡೆದು ನಡೆದು ಕಾಲು ಬೇಲಿಯ ಗೂಟದಂತಾಗಿದ್ದ ಮನುಷ್ಯ. ಸುಜಾತಾ ಉಪ್ಪಿಟ್ಟು ತಂದಿಟ್ಟಳು. ಇಸ್ತ್ರಿ ಅಂಗಿ ತೊಟ್ಟ ದುಂಡೇಶ ಕಾಲು ಮುಟ್ಟಿ ನಮಸ್ಕರಿಸಿದ. ಮಾಳೇಶ ಮಾತಿಗೆ ಕೈಹಾಕಲು ನೋಡಿದಾಗ ಮಲಕಾರಿ ಕೈ ಅಡ್ಡ ಹಿಡಿದ.

"ಮಾತೆಲ್ಲಾ ಸಂಜಿಗೆ ಮಾಳೇಶಪ್ಪಾ. ಮೊದಲ ಜಾಗಾ ನೋಡೂಣು."

ಚಹಾ ಕುಡಿದವನೇ ಹೋಗಿ ದಂಡೆಯ ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಹೊಳೆಗೆ ಮುಖ ಮಾಡಿ ಕುಳಿತುಬಿಟ್ಟ. ಬೋಟು ಹೋಯಿತು, ಬಂತು. ಟೊಪ್ಪಿಗೆಗಳು ಹೋದವು, ಪಟಗಾಗಳು ಬಂದವು. ಆಚೆ ದಂಡೆಯವರು ಇದೇನು ಇಲೆಕ್ಷನ್ ಬಂತೋ ಹೇಗೆ ಎಂದು ನೋಡಲು ಗುಂಪುಗೂಡಿದರು. ಮಲಕಾರಿ ಒಂದೊಂದೇ ಪ್ರಶ್ನೆ ಕೇಳುತ್ತ ಹೋದ. ಹೊಳೆ ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ? ಇಲ್ಲಿ ತೋಳದ ಕಾಟ ಇದೆಯೇ? ಕಳ್ಳರು? ಬೇಲಿ ಗಟ್ಟಿ ಇದೆಯೇ? ಹುಡುಗಿಯ ತಂದೆಗೆ ಎಷ್ಟು ಕಾಳಜಿ ಎಂದು ಮಾಳೇಶನ ಕಣ್ಣು ತುಂಬಿ ಬಂತು. ಮಾವಾರ, ಇಲ್ಲಿ ನಾಯಿ ಸಹ ಕೇಳಿ ಬೊಗಳುತ್ತದೆ ಎಂದು ಭರವಸೆ ಕೊಟ್ಟ.

ಹನ್ನೊಂದರ ಸುಮಾರಿಗೆ ಮಲಕಾರಿ ಕೋಲಿನಿಂದ ಬೋಟಿನ ಕಡೆ ತೋರಿಸಿದ.

"ಆ ಮುದುಕಿ ಕೋಳಿ ಹಿಡಕೊಂಡು ಐದನೇ ಸಲ ಹೊಂಟಾಳ ನೋಡು."

ಮಾಳೇಶ ತಡಮಾಡಲಿಲ್ಲ. "ಕೋಳಿ ಬ್ಯಾರೆ ಬ್ಯಾರೆ ರೀ. ಆಕಿ ಕೋಳಿ ವ್ಯಾಪಾರ ಬಾಳ ದೊಡ್ಡದೈತಿ."

ಇಷ್ಟು ಹೇಳಿ ಉಸಿರು ಬಿಡುವಷ್ಟರಲ್ಲಿ ಬೋಟು ನಡುಹೊಳೆಯಲ್ಲಿ ನಿಂತಿತು. ಆ ದೊಡ್ಡ ವ್ಯಾಪಾರದ ಏಕಮಾತ್ರ ಕೋಳಿ, ಬೆಳಗಿನಿಂದ ನೀರಿನ ಮೇಲೆ ತೂಗಿಸಿಕೊಂಡು ಕಂಗಾಲಾಗಿ, ಬಾಹುಬಲಿ ಕೂರುವ ಹಲಗೆಯ ಮೇಲೆಯೇ ಮೊಟ್ಟೆ ಇಟ್ಟಿತ್ತು. ಬಾಹುಬಲಿ ಜೈನರವನು, ಕತ್ತಲಾದ ಮೇಲೆ ನೀರೂ ಮುಟ್ಟದ ಮನೆ. ಅವನು ಇಂಜಿನ್ ಆರಿಸಿ ಬೋಟಿನ ಕೊನೆಗೆ ಸರಿದು ಎರಡೂ ಕಾಲು ಎತ್ತಿಕೊಂಡು ಕುಳಿತ. ತೊಳೆಯುವ ತನಕ ಚುಕ್ಕಾಣಿ ಮುಟ್ಟುವುದಿಲ್ಲ ಎಂದ. ತನ್ನ ಮೊಟ್ಟೆ ಒಡೆಯದಂತೆ ತೊಳೆಯಿರಿ ಎಂದು ಹೊಳೆವ್ವ ನಡುವೆ ನಿಂತಳು. ಅಣ್ಣಾಸಾಬ ತಲೆಯ ಪಟಗಾವನ್ನೇ ಬಿಚ್ಚಿ ನೀರಲ್ಲಿ ಅದ್ದಿ ಮೂರು ಸಲ ಹಲಗೆ ಒರೆಸಿದ. ಬೋಟು ಈ ಗಲಾಟೆಯಲ್ಲಿ ತನ್ನಷ್ಟಕ್ಕೆ ಕೆಳಗೆ ತೇಲುತ್ತ ಎಮ್ಮೆಗಳು ಮಲಗುವ ಮಡುವಿಗೆ ಹೋಗಿ ಸಿಕ್ಕಿಕೊಂಡಿತು.

ಏನಾಯಿತು ಎಂದು ಮಲಕಾರಿ ಕೇಳಿದ. ಇಂಜಿನ್ನಿಗೆ ದಿನಾ ಈ ಹೊತ್ತಿಗೆ ಅರ್ಧ ತಾಸು ದಣಿವಾರಿಸಿಕೊಳ್ಳಲು ಬಿಡುತ್ತೇವೆ ಎಂದು ಮಾಳೇಶ ಹೇಳಿದ. ಹೇಳುವಾಗ ಅವನ ಧ್ವನಿ ತಗಡಿನ ಮೇಲೆ ಮೊಳೆ ಎಳೆದಂತೆ ಬಂತು.

ಬೋಟನ್ನು ಎಮ್ಮೆಗಳ ನಡುವಿನಿಂದ ದುಂಡೇಶನೇ ಎದೆಮಟ್ಟ ನೀರಿಗಿಳಿದು ದೂಡಿ ಬಿಡಿಸಿದ. ಇಸ್ತ್ರಿ ಅಂಗಿಯ ಕತೆ ಅಲ್ಲಿಗೆ ಮುಗಿಯಿತು. ಆದರೆ ಮಲಕಾರಿ ಅದನ್ನು ಕಂಡು ಹುಡುಗ ಗಟ್ಟಿ ಇದ್ದಾನೆ ಎಂದು ತಲೆದೂಗಿದ್ದು ನೋಡಿ ಮಾಳೇಶನಿಗೆ ಜೀವ ಬಂತು. ಬೋಟು ಮತ್ತೆ ಓಡಾಡಿತು. ಮಧ್ಯಾಹ್ನದ ಮೇಲೆ ಏಳು ಜನರಲ್ಲಿ ಮೂವರು ಕುಳಿತಲ್ಲೇ ನಿದ್ದೆ ಹೋಗಿ, ಹೊಳೆ ದಾಟಿದ್ದೂ ಗೊತ್ತಿಲ್ಲದೆ ಹೋಗಿಬಂದರು.

ಸಂಜೆ ನಾಲ್ಕೂವರೆಗೆ ಮಲಕಾರಿ ಕಂಬಳಿ ಕೊಡವಿ ಎದ್ದ. ಅಂಗಳದಲ್ಲಿ ಚಾಪೆ ಬಿತ್ತು. ಸುಜಾತಾ ಬಾಗಿಲ ಮರೆಯಲ್ಲಿ ನಿಂತಳು. ಹೊಳೆವ್ವ, ಅಣ್ಣಾಸಾಬ, ಬಾಹುಬಲಿ ಮೂವರೂ ಕರೆಯದೆಯೇ ಬಂದು ಬೇಲಿಯ ಆಚೆ ಸಾಲಾಗಿ ನಿಂತರು. ಮಲಕಾರಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ ನಕ್ಕ.

"ಮಾಳೇಶಪ್ಪಾ, ಇದ ಏಳು ಮಂದೀನ ಬೆಳಗಿಂದ ಹನ್ನೆರಡು ಸಲ ದಾಟಿಸಿದಿ. ಇನ್ನೂರು ಕುರಿ ಮುಖಾ ಗುರ್ತ ಇಟ್ಕೊಳ್ಳಾಂವ ನಾ. ಪಟಗಾ ಬದಲ ಮಾಡಿದ್ರ ನನಗ ತಿಳೀದಿಲ್ಲೇನು?"

ಮಾಳೇಶ ನೆಲ ನೋಡಿದ. ಅವನ ಪಾಲಿಗೆ ಹತ್ತನೆಯ ಸಂಬಂಧವೂ ಆಗಲೇ ಹೊಳೆ ದಾಟಿ ಹೋಗಿತ್ತು. ತಪ್ಪಾಯ್ತು ಎಂದು ಬಾಯಿ ತೆರೆಯುವಷ್ಟರಲ್ಲಿ ಮಲಕಾರಿ ಅವನ ಬೆನ್ನು ತಟ್ಟಿದ.

"ಸಿಟ್ಟಿಲ್ಲಪಾ, ಖುಷಿ ಆಗೇತಿ. ನೀ ಬಾಯಿಲೆ ಹೇಳಿದ್ರ ನಾ ನಂಬ್ತಿದ್ದಿಲ್ಲ. ಒಂದ ದಿನದಾಗ ಹನ್ನೆರಡು ಸಲ ಬೋಟ ಆಡತೈತಿ ಅಂತ ಮಾಡಿ ತೋರಿಸಿದಿ. ಸಲಕ್ಕ ಇಪ್ಪತ್ತು ಹಿಡದ್ರೂ ಇನ್ನೂರ ನಾಲ್ವತ್ತಾತು. ನಮ್ಮವು ಇನ್ನೂರ ಮೂವತ್ತಾರ ಅದಾವು. ಒಂದ ದಿನದಾಗ ಎಲ್ಲಾ ದಾಟತಾವು."

"ಏನ್ ದಾಟತಾವ್ರಿ?" ಎಂದ ಮಾಳೇಶ.

"ಕುರಿ. ಮತ್ತೇನು? ಹುಲ್ಲ ಐತಿ, ತೋಳಿಲ್ಲ, ಸುತ್ತೂಕಡೆ ನೀರು. ತಪ್ಪಿಸ್ಕೊಂಡ್ರೂ ಎಲ್ಲಿಗೆ ಹೊಕ್ಕಾವು?"

ಮಾಳೇಶ ಬೇಲಿಯ ಕಡೆ ನೋಡಿ ಮತ್ತೆ ಮಲಕಾರಿಯ ಕಡೆ ತಿರುಗಿದ. "ಮತ್ತ ಕೋಮಲಾಂದು?"

"ಶುಕ್ರವಾರ ಮಾತ ಮುಗೀತು. ಶೇಡಬಾಳ ಕಡೆ ಹುಡುಗ. ನಿಮ್ಮಂಥ ಮನಿ ಮಂದಿಗೆ ಫೋನಿನ್ಯಾಗ ಹೇಳಬಾರದು, ಖುದ್ದ ಹೋಗಿ ಹೇಳಬೇಕಂತ ಬಂದೆ. ಲಗ್ನದ ಗದ್ದಲದಾಗ ಕುರಿ ಕಾಯಾಕ ನಮ್ಮನ್ಯಾಗ ಯಾರೂ ಇರೂದಿಲ್ಲ. ಎರಡು ತಿಂಗಳ ಇಲ್ಲಿ ಬಿಟ್ರಾತು."

ಬಾಗಿಲ ಮರೆಯಿಂದ ಸುಜಾತಾಳ ಬಳೆ ಒಮ್ಮೆ ಸದ್ದು ಮಾಡಿ ನಿಂತಿತು. ಬೇಲಿಯ ಆಚೆ ಬಾಹುಬಲಿ ತನ್ನ ಹೋಳಿಗೆಯ ಬಗ್ಗೆ ಅಣ್ಣಾಸಾಬನ ಕಿವಿಯಲ್ಲಿ ಏನೋ ಕೇಳಿದ. ಅಣ್ಣಾಸಾಬ ಪಟಗಾ ಬಿಚ್ಚಿ ಮಡಚತೊಡಗಿದ.

ಮಲಕಾರಿ ಈಗ ಕಂಬಳಿ ಹೆಗಲಿಗೇರಿಸಿ ದುಂಡೇಶನ ಮುಂದೆ ಬಂದು ನಿಂತ. ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ. ತೋಳು ಹಿಸುಕಿ ನೋಡಿದ. ಬೇರೆ ಯಾರಾದರೂ ಅಣ್ಣನ ಮಗಳೋ ತಂಗಿಯ ಮಗಳೋ ನೆನಪಾಗಿರಬೇಕು ಎಂದು ಮಾಳೇಶ ಕಡೆಯ ಸಲ ಆಸೆಪಟ್ಟ.

"ನಿಮ್ಮ ಅಣ್ಣಗ ಸಂಸಾರ ಐತಿ, ಅವಂಗ ತ್ರಾಸ ಕೊಡೂದು ಬ್ಯಾಡ," ಎಂದ ಮಲಕಾರಿ ಪ್ರೀತಿಯಿಂದ. "ಹೆಂಗೂ ನಿನಗ ಸದ್ಯಕ್ಕ ಲಗ್ನ ಗಿಗ್ನದ ಗಡಿಬಿಡಿ ಏನಿಲ್ಲ. ಕುರಿ ನೀನ ಕಾಯಿ ತಮ್ಮಾ."