ಬಿಸಿಗೆ ಬಗ್ಗದ ಹಲಗೆ

ಮಡಿಕೇರಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧ ಜನ ರೇಡಿಯೋ ತರುತ್ತಿರಲಿಲ್ಲ. ಒಬ್ಬರು ಹೊಲಿಗೆ ಮಿಷನ್ನು ತಂದರು, ಇನ್ನೊಬ್ಬರು ಅಜ್ಜಿಯ ಕಿವಿಗೆ ಏನಾದರೂ ಮಾಡಲಿಕ್ಕಾಗ್ತದಾ ಎಂದು ಅಜ್ಜಿಯನ್ನೇ ಕರೆತಂದರು. ಅಂಥದ್ದೆಲ್ಲ ನನ್ನ ಪಾಲಿಗೇ ಏಕೆ ಬರುತ್ತಿತ್ತೋ ಗೊತ್ತಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸರ್ಕಾರಿ ಕಚೇರಿಗಳ ಬೋರ್ಡು ಬದಲಾಗುತ್ತಿದ್ದ ಆ ಕಾಲದಲ್ಲೇ ನಾನೂ ಒಂದು ಬೋರ್ಡಿನ ಸುಳಿಗೆ ಸಿಕ್ಕಿಕೊಂಡೆ.

ಯಜಮಾನರ ಬೀಟೆ

ಒಂದು ಏಲಕ್ಕಿ ತೋಟದ ಯಜಮಾನರು ಬಂದರು. ಹಸಿ ಏಲಕ್ಕಿಯನ್ನು ಬೆಂಕಿಯ ಶಾಖದಲ್ಲಿ ಒಣಗಿಸುವ ಮನೆಗೆ ತೋಟದವರು ಸ್ಟೋರು ಅನ್ನುತ್ತಾರೆ. ಅಲ್ಲಿ ಬಿಸಿ ಹದ ಮೀರಿದರೆ ಏಲಕ್ಕಿಯ ಹಸಿರು ಬಣ್ಣ ಹೋಗಿ ಮಾಲು ಹಾಳು. ಹಾಗಾಗಿ ತೋಟದ ಲೆಕ್ಕ ಬರೆಯುವ ರೈಟರು ರಾತ್ರಿಯೆಲ್ಲ ಅಲ್ಲೇ ಕಾವಲು ಕೂರಬೇಕಿತ್ತು. ಪಾಪ, ಹೊಸದಾಗಿ ಮದುವೆಯಾದವರು. ಬಿಸಿ ಏರಿದ ಕೂಡಲೇ ಬಂಗಲೆಯಲ್ಲಿ ಗಂಟೆ ಹೊಡೆಯುವಂಥ ಒಂದು ಬ್ಯಾಟರಿ ಸರ್ಕ್ಯೂಟು ಮಾಡಿಕೊಡಿ, ಅದು ಸರಿಯಾಗಿ ನಡೆದರೆ ರೈಟರನ್ನು ಮನೆಗೆ ಬಿಡುತ್ತೇನೆ ಎಂದರು ಯಜಮಾನರು.

ಸರ್ಕ್ಯೂಟು ದೊಡ್ಡ ಕೆಲಸವೇನಲ್ಲ. ಆದರೆ ಬಿಸಿಯನ್ನು ಅಳೆಯುವ ತಗಡು, ತಂತಿ, ತಿರುಪು ಎಲ್ಲವನ್ನೂ ಕೂರಿಸುವ ಹಲಗೆ ಆ ಶಾಖದಲ್ಲೇ ಇರಬೇಕು. ಅದು ಬಗ್ಗಿದರೆ ಲೆಕ್ಕವೆಲ್ಲ ತಪ್ಪಿತು. ಯಜಮಾನರು ತಮ್ಮ ತೋಟದ ಬೀಟೆ ಮರವೇ ಆಗಬೇಕೆಂದು ಪಟ್ಟು ಹಿಡಿದರು. ಅವರ ಅಜ್ಜನ ಮಂಚ ಅದೇ ಮರದ್ದಂತೆ, ಇವತ್ತಿಗೂ ಬಗ್ಗಿಲ್ಲವಂತೆ. ಅಜ್ಜ ಬೆಂಕಿಯ ಮೇಲೆ ಮಲಗುತ್ತಿರಲಿಲ್ಲವಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ವಾರದೊಳಗೆ ಹಲಗೆ ಸೊಟ್ಟಗಾಯಿತು. ಒಲೆಗೆ ಬೆಂಕಿಯನ್ನೇ ಹಾಕದಿದ್ದ ಒಂದು ಮಧ್ಯಾಹ್ನ ಗಂಟೆ ಹೊಡೆದುಕೊಂಡಿತು. ಲೈನುಮನೆಗಳ ಕೂಲಿಯವರೆಲ್ಲ ಕೊಡ ಹಿಡಿದು ಓಡಿಬಂದು, ಚೆನ್ನಾಗಿ ಒಣಗಿದ್ದ ಏಲಕ್ಕಿಗೆ ನೀರು ಸುರಿದರು. ನಾನು ಹೋಗಿ ಹಲಗೆಯ ಮೇಲೆ ಸ್ಕೇಲು ಇಟ್ಟು ತೋರಿಸಿದೆ. ಯಜಮಾನರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಬೀಟೆ ಸರಿಯಾಗೇ ಉಂಟು ಮಾರಾಯ್ರೆ. ನಿಮ್ಮ ಸ್ಕೇಲು ಬಗ್ಗಿದೆ."

ಗಂಡನೋ ಪಾಯಸವೋ

ಎರಡನೆಯದು ನನ್ನದೇ ಬುದ್ಧಿವಂತಿಕೆ. ಒಂದು ಹಳೆಯ ರೇಡಿಯೋದಲ್ಲಿ ಎಬೊನೈಟ್ ಹಲಗೆ ಸಿಕ್ಕಿತು. ಕಪ್ಪಗೆ, ಮುಖ ಕಾಣುವಷ್ಟು ನುಣುಪು. ನೋಡಿದರೇ ಗೌರವ ಬರುವಂತಿತ್ತು. ಇದು ಬಗ್ಗುವ ಜಾತಿಯಲ್ಲ ಎಂದು ಎದೆ ತಟ್ಟಿ ಹೇಳಿದೆ. ನನ್ನ ಮಾತು ನಂಬಿ ರೈಟರು ಮನೆಗೆ ಹೋಗಿ ಮಲಗಿದರು.

ಎಬೊನೈಟ್ ಅಂದರೆ ಗಟ್ಟಿ ಮಾಡಿದ ರಬ್ಬರು ಎಂಬುದು ನನಗೆ ಗೊತ್ತಿತ್ತು, ಆ ದಿನ ನೆನಪಾಗಲಿಲ್ಲ ಅಷ್ಟೇ. ಬೆಳಿಗ್ಗೆ ನೋಡಿದರೆ ಹಲಗೆ ಬೆಲ್ಲದ ಪಾಕದ ಹಾಗೆ ಇಳಿದು ಗೋಡೆಗೆ ಅಂಟಿಕೊಂಡಿತ್ತು. ಗಂಟೆ ಹೊಡೆದೇ ಇರಲಿಲ್ಲ. ಏಲಕ್ಕಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನು ಗಂಟೆ ಸರಿಯಾಗುವ ತನಕ ನೀನೇ ಗಂಟೆ ಎಂದು ಯಜಮಾನರು ರೈಟರನ್ನು ಮತ್ತೆ ಸ್ಟೋರಿಗೆ ಕಳಿಸಿದರು.

ಕ್ಷಮೆ ಕೇಳಲು ರೈಟರ ಮನೆಗೆ ಹೋದೆ. ರೈಟರ ಹೆಂಡತಿ ಒಳಗಿನಿಂದಲೇ ಮಾತಾಡಿದರು. "ಇವರು ಬೆಳಿಗ್ಗೆ ಬಾಗಿಲು ತಟ್ಟಿದ್ರೆ ಏಲಕ್ಕಿ ವಾಸನೆಯೇ ಮೊದಲು ಒಳಗೆ ಬರೋದು. ಬಂದದ್ದು ಗಂಡನೋ ಪಾಯಸವೋ ಅಂತ ನನಗೆ ಗೊತ್ತಾಗುದಿಲ್ಲ."

ಮುಟ್ಟಬಾರದು

ಬಿಸಿಗೆ ಬಗ್ಗದ ಬೋರ್ಡು ಉಂಟಾ ಎಂದು ಪೇಟೆಯ ಅಂಗಡಿಯೊಂದರಲ್ಲಿ ಕೇಳಿದೆ. ಉಂಟು, ಯಾವ ಹೆಸರು ಬರೆಸಬೇಕು ಎಂದು ಅಂಗಡಿಯವರು ಕೇಳಿದರು. ನಾನು ತಲೆ ಚಚ್ಚಿಕೊಳ್ಳುವಾಗ ಅಲ್ಲೇ ಪೇರಿಸಿಟ್ಟಿದ್ದ ಮಕ್ಕಳ ಸ್ಲೇಟು ಕಣ್ಣಿಗೆ ಬಿತ್ತು. ಕಲ್ಲು! ಸುಡುವುದಿಲ್ಲ, ಬಗ್ಗುವುದಿಲ್ಲ, ಕರಗುವುದಿಲ್ಲ. ತೂತು ಕೊರೆಯುವಾಗ ಒಂದಿಷ್ಟು ಒಡೆದವು, ಕೊನೆಗೆ ಒಂದು ನಿಂತಿತು.

ಸ್ಲೇಟು ನಿಜವಾಗಿಯೂ ಬಿಸಿ ತಡೆಯಿತು. ತಡೆಯದೆ ಹೋದದ್ದು ಮನುಷ್ಯರನ್ನು. ಸ್ಲೇಟು ಕಂಡರೆ ಬರೆಯದೆ ಇರುವ ಮನುಷ್ಯ ನಮ್ಮ ಕಡೆ ಹುಟ್ಟಿಲ್ಲ. ಒಬ್ಬ ಆಳು ಲೆಕ್ಕ ಬರೆದ, ಇನ್ನೊಬ್ಬ ಹುಲಿ ಬರೆದ. ಯಜಮಾನರು ಎಲ್ಲರಿಗೂ ಬೈದು, ಬಳಪ ತರಿಸಿ, ಸ್ವತಃ "ಮುಟ್ಟಬಾರದು" ಎಂದು ಬರೆದರು. ಅಕ್ಷರ ಅವರಿಗೆ ಚೆಂದ ಕಾಣಲಿಲ್ಲ. ಒದ್ದೆ ಬಟ್ಟೆ ತರಿಸಿ, ತಂತಿಗಳ ಸಮೇತ ಚೆನ್ನಾಗಿ ಒರೆಸಿ, ಇನ್ನೊಮ್ಮೆ ಬರೆಯಲು ಹೊರಟರು.

ನೀರು ತಾಗಿದ ತಂತಿಗಳು ಕೂಡಿಕೊಂಡು, ಬ್ಯಾಟರಿ ಸಾಯುವ ತನಕ ಗಂಟೆ ಹೊಡೆದುಕೊಂಡಿತು. ನಾನು ಹೋಗಿ ನೋಡಿದಾಗ ಸ್ಲೇಟಿನ ಮೇಲೆ "ಮುಟ್ಟ" ಅಂತ ಮಾತ್ರ ಇತ್ತು.

ಒಲೆಯ ಮೇಲಿನ ಪರೀಕ್ಷೆ

ಇನ್ನೊಂದು ಸಲ ತಪ್ಪಿದರೆ ಗಂಟೆಯ ಮಾತೇ ಬೇಡ ಎಂದರು ಯಜಮಾನರು. ಅಂದರೆ ರೈಟರಿಗೆ ಸ್ಟೋರೇ ಗತಿ. ನಾನು ಮೈಸೂರಿನಿಂದ, ಕರೆಂಟಿನ ಸ್ವಿಚ್ಚುಗಳಿಗೆ ಬಳಸುವ ಬೇಕಲೈಟ್ ಶೀಟು ತರಿಸಿದೆ. ಕಂದು ಬಣ್ಣ, ಚಪ್ಪಲಿಯ ಅಟ್ಟೆಯಂತೆ ಗಟ್ಟಿ. ಆದರೂ ಪರೀಕ್ಷೆ ಮಾಡದೆ ಕೊಡಬಾರದೆಂದು ತೀರ್ಮಾನಿಸಿದೆ. ತಮ್ಮ ಮನೆಯ ಒಲೆ ಆರುವುದೇ ಇಲ್ಲ, ಅಲ್ಲಿ ತೂಗುಹಾಕುವ ಎಂದು ರೈಟರೇ ದಾರಿ ತೋರಿಸಿದರು. ಶೀಟನ್ನು ಪಟ್ಟಿಗಳಾಗಿ ಕತ್ತರಿಸಿ, ತೂತು ಕೊರೆದು, ತಂತಿ ಪೋಣಿಸಿ ಅವರ ಒಲೆಯ ಮೇಲೆ ನೇತುಹಾಕಿದೆವು. ಹೊಗೆಗೆ ಒಣಗಿಸಿದ ಹಂದಿಮಾಂಸದ ಪಟ್ಟಿಗಳೂ ಅಲ್ಲೇ ನೇತಾಡುತ್ತಿದ್ದವು. ತಿಂಗಳಾಗುವಷ್ಟರಲ್ಲಿ ಯಾವುದು ಯಾವುದೆಂದು ಹೇಳುವಂತಿರಲಿಲ್ಲ.

ಯಜಮಾನರ ಮನಸ್ಸು ಕರಗಿಸಲೆಂದು ರೈಟರು ಅವರನ್ನು ಊಟಕ್ಕೆ ಕರೆದರು. ನನ್ನನ್ನೂ ಕರೆದರು. ಅಡುಗೆಗೆ ರೈಟರ ಅತ್ತೆ ಬಂದಿದ್ದರು. ಬೆಳಿಗ್ಗೆಯಿಂದ ಬೇಯಿಸ್ತಾ ಇದ್ದೇನೆ, ಕೆಲವು ತುಂಡು ಮೆತ್ತಗಾಗುವುದೇ ಇಲ್ಲ, ಇನ್ನಷ್ಟು ಕಾಚಂಪುಳಿ ಹುಳಿ ಹಾಕಿದ್ದೇನೆ ಎಂದು ಅವರು ಒಳಗೆ ಗೊಣಗುತ್ತಿದ್ದರು.

ಬಡಿಸಿದರು. ಯಜಮಾನರು ಬೇಟೆಯಲ್ಲಿ ಹೆಸರು ಮಾಡಿದವರು, ಹಲ್ಲು ಸಡಿಲಾದದ್ದನ್ನು ಒಪ್ಪಿಕೊಳ್ಳುವವರಲ್ಲ. ಒಂದು ತುಂಡನ್ನು ಎಡ ದವಡೆಗೆ ಹಾಕಿದರು, ಬಲ ದವಡೆಗೆ ಹಾಕಿದರು, ಕಣ್ಣಲ್ಲಿ ನೀರು ಬಂತು.

"ಇದು ಮಾಕುಟ್ಟದ ಕಾಡಿನದ್ದೇ," ಎಂದರು. "ಅಲ್ಲಿ ಹಂದಿ ಬಿದಿರು ತಿಂದು ಬೆಳೀತದೆ. ಗಟ್ಟಿ ಇರ್ತದೆ."

ನಾನು ನನ್ನ ಎಲೆಯ ತುಂಡನ್ನು ತಿರುಗಿಸಿ ನೋಡಿದೆ. ತುದಿಯಲ್ಲಿ ದುಂಡನೆಯ ತೂತು. ಹಂದಿಗೆ ಯಾರೂ ಡ್ರಿಲ್ಲು ಹಾಕುವುದಿಲ್ಲ.

ಗಂಟೆಗಿಂತ ಮೊದಲು

ರೈಟರ ಮುಖ ನೋಡಿ ನಾನು ಬಾಯಿ ಬಿಡಲಿಲ್ಲ. ಎಲೆಗಳಲ್ಲಿ ಉಳಿದ ಗಟ್ಟಿ ತುಂಡುಗಳನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿ ತಂದು, ತೊಳೆದು, ಸ್ಕೇಲು ಇಟ್ಟು ನೋಡಿದೆ. ಹೊಗೆಗೆ ಬಗ್ಗಿರಲಿಲ್ಲ, ಕುದಿದರೂ ಉಬ್ಬಿರಲಿಲ್ಲ, ಹುಳಿಗೆ ಹೆದರಿರಲಿಲ್ಲ, ಯಜಮಾನರ ಹಲ್ಲಿನ ಗುರುತೂ ಇರಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಫ್ಯಾಕ್ಟರಿಯಲ್ಲಿ ಮಾಡುತ್ತಾರೆ? ಅದೇ ತುಂಡುಗಳನ್ನು ಜೋಡಿಸಿ ಬೋರ್ಡು ಮಾಡಿ ಸ್ಟೋರಿನಲ್ಲಿ ಕೂರಿಸಿದೆ.

ಮರುದಿನದಿಂದ ಯಜಮಾನರ ಬೇಟೆನಾಯಿ ಸ್ಟೋರಿನ ಬಾಗಿಲು ಬಿಟ್ಟು ಏಳಲಿಲ್ಲ. ಪರೀಕ್ಷೆಗೆಂದು ಒಲೆಗೆ ಸೌದೆ ತುಂಬಿದೆವು. ಶಾಖ ಏರಿತು, ಬೋರ್ಡು ಬಿಸಿಯಾಯಿತು, ಸಣ್ಣಗೆ ಹಂದಿಸಾರಿನ ಪರಿಮಳ ಎದ್ದಿತು. ನಾಯಿ ಊರೇ ಕೇಳುವಂತೆ ಬೊಗಳಿತು. ಗಂಟೆ ಹೊಡೆದದ್ದು ಆಮೇಲೆ. ಮತ್ತೊಮ್ಮೆ ಮಾಡಿದರೂ ಅದೇ, ಮೊದಲು ನಾಯಿ, ನಂತರ ಗಂಟೆ.

ಯಜಮಾನರು ಬೆರಗಾದರು. ನಾಯಿ ಯಾಕೆ ಬೊಗಳುತ್ತದೆಂದು ಹೇಳಬೇಕಾದರೆ ಅವರು ಆ ದಿನ ಏನನ್ನು ಜಗಿದರೆಂದೂ ಹೇಳಬೇಕಿತ್ತು. ನಾನೂ ರೈಟರೂ ನೆಲ ನೋಡಿದೆವು. ರಾತ್ರಿ ಕಾವಲು ಇನ್ನು ನಾಯಿಗೆ ಎಂದು ಅಲ್ಲೇ ಅಪ್ಪಣೆಯಾಯಿತು. ರೈಟರು ಛತ್ರಿಯನ್ನೂ ತೆಗೆದುಕೊಳ್ಳದೆ ಮನೆಯ ಕಡೆ ಓಡಿದರು. ಅದನ್ನು ನೋಡಿ ನನ್ನ ಎದೆಯ ಭಾರ ಇಳಿಯಿತು.

ಆದರೆ ಯಜಮಾನರು ಸುಮ್ಮನಿರಬೇಕಲ್ಲ. ಮಡಿಕೇರಿಯ ರೇಡಿಯೋದವರು ನಾಯಿಗೆ ಶಾಖ ಅಳೆಯಲು ಕಲಿಸಿದ್ದಾರೆ ಎಂದು ಅಮ್ಮತ್ತಿ ಸಂತೆಯಲ್ಲಿ ಸಾರಿದರು. ಮುಂದಿನ ವಾರ ಅಂಗಡಿ ಬಾಗಿಲು ತೆಗೆದರೆ ತೋಟದವರು ಒಬ್ಬೊಬ್ಬರೂ ಒಂದೊಂದು ನಾಯಿ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗೂ ಕೈಮುಗಿದು ವಾಪಸು ಕಳಿಸಿದೆ. ಕೊನೆಯಲ್ಲಿದ್ದ ಹಿರಿಯರೊಬ್ಬರು ಮಾತ್ರ ನಾಯಿ ತಂದಿರಲಿಲ್ಲ. ತಿಳಿದವರ ಹಾಗೆ ಕಂಡರು. ಒಳಗೆ ಕೂರಿಸಿ ಏನಾಗಬೇಕಿತ್ತು ಎಂದು ಕೇಳಿದೆ.

"ನಮ್ಮ ತೋಟಕ್ಕೆ ಈ ವರ್ಷ ಕರೆಂಟು ಬರ್ತದಂತೆ," ಎಂದರು ಅವರು. "ಈಗಲೇ ಬ್ಯಾಟರಿ ನಾಯಿ ತಕ್ಕೊಳ್ಳುದಾ, ಇಲ್ಲ ಕರೆಂಟಿನದ್ದಕ್ಕೆ ಕಾಯುದಾ?"