ಲೋಟದಡಿಯ ಕಲ್ಲೂ ನಮ್ಮ ಮಾವನವರ ಟೇಬಲ್ಲೂ

'ನೀವೇ ಅಲಂಕರಿಸಿ' ಕಲ್ಲುಬಿಲ್ಲೆ ಪೆಟ್ಟಿಗೆಯ ತಯಾರಕರ ಸನ್ನಿಧಿಗೆ,

ಮಾನ್ಯರೇ,

ಲೋಟದಡಿ ಇಡಲೆಂದು ಕಲ್ಲನ್ನು ದುಂಡಗೆ ಕತ್ತರಿಸಿ, ಅದರ ಜೊತೆ ಬಣ್ಣ, ಕುಂಚ, ವಾರ್ನಿಷ್, ಅಂಟು, ತಳಕ್ಕೆ ಹಚ್ಚುವ ಬಟ್ಟೆಯ ತುಂಡುಗಳನ್ನಿಟ್ಟು, ಮುಚ್ಚಳದ ಮೇಲೆ ನಗುವ ಕುಟುಂಬವೊಂದರ ಚಿತ್ರ ಅಚ್ಚು ಹಾಕಿ, ನನ್ನಂಥ ಪಾಮರನಿಗೂ ಕಲೆ ಎಟುಕುವಂತೆ ಮಾಡಿದ ತಮ್ಮ ಔದಾರ್ಯಕ್ಕೆ ಮೊದಲಾಗಿ ಕೈಮುಗಿದು, ವಾಚ್ ರಿಪೇರಿ ಅಂಗಡಿ ನಡೆಸುವ ನಾನು ಈ ಅಹವಾಲನ್ನು ಎಲ್ಲರೆದುರೇ ತಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಜೊತೆಯಲ್ಲಿರುವ ಮಾವನವರು ನಿವೃತ್ತ ಬಸ್ ಚಾಲಕರು. ಸ್ಟೀರಿಂಗ್ ಬಿಟ್ಟ ಕೈಗೆ ಕೆಲಸ ಬೇಕೆಂದು ಅವರೇ ಮರ ಕೊಯ್ದು, ಉಜ್ಜಿ, ಪಾಲಿಶ್ ಮಾಡಿದ ಟೇಬಲ್ಲೊಂದು ನಮ್ಮ ನಡುಮನೆಯಲ್ಲಿದೆ. ಯಾರೋ ಅದರ ಮೇಲೆ ಬಿಸಿ ಚಹಾದ ಲೋಟವಿಟ್ಟು ಬಿಳಿಯ ಬಳೆಯಂಥ ಗುರುತು ಬಿತ್ತು; ಆ 'ಯಾರೋ' ನಾನೇ ಎಂದು ವಿಚಾರಣೆಯಿಲ್ಲದೆ ತೀರ್ಮಾನವೂ ಆಯಿತು. ಅಂದಿನಿಂದ ಮಾವನವರು ನನ್ನ ಜೊತೆ ಮಾತು ಬಿಟ್ಟರು. ನಾನು ಪಕ್ಕದಲ್ಲೇ ಕೂತಿದ್ದರೂ, "ಮಗಾ, ನಿನ್ನ ಗಂಡನಿಗೆ ಹೇಳು, ಆ ಫ್ಯಾನ್ ಸ್ವಲ್ಪ ಕಡಿಮೆ ಮಾಡ್ಲಿ" ಎಂದು ಅಡುಗೆಮನೆಯಲ್ಲಿದ್ದ ಮಗಳಿಗೆ ಕೂಗಿ ಹೇಳುತ್ತಿದ್ದರು. ನರ್ಸ್ ಆಗಿರುವ ನನ್ನ ಹೆಂಡತಿ ಡ್ಯೂಟಿಗೆ ಹೋದಾಗ ಹೇಳಿ ಕಳಿಸಲು ಯಾರೂ ಇಲ್ಲದೆ ನಾವಿಬ್ಬರೂ ಆ ಫ್ಯಾನಿನಡಿ ನಡುಗುತ್ತಾ ಕೂತಿರುತ್ತಿದ್ದೆವು.

ಇಂಥ ಹೊತ್ತಿನಲ್ಲಿ ಸಂಧಾನಕ್ಕೆಂದು ನಾನು ತಮ್ಮ ಪೆಟ್ಟಿಗೆ ತಂದೆ. 'ಅತಿ ಸುಲಭ, ಮಕ್ಕಳೂ ಮಾಡಬಹುದು' ಎಂಬ ತಮ್ಮ ಮಾತು ನಿಜವೇ ಇರಬಹುದು. ನಾನು ಮಗುವಲ್ಲದಿರುವುದು ನನ್ನ ದೋಷ. ಅಕ್ಕಿಕಾಳಿಗಿಂತ ಚಿಕ್ಕ ತಿರುಪನ್ನು ಉಸಿರು ಬಿಗಿಹಿಡಿದು ಕೂರಿಸುವ ನನ್ನ ಕೈ, ತಮ್ಮ ಕುಂಚ ಹಿಡಿದೊಡನೆ ಯಾರದೋ ಕೈಯಂತಾಯಿತು. ನಾನು ದೋಣಿ ಬಿಡಿಸಿದೆ. ಹೆಂಡತಿ ಬಂದು ನೋಡಿ, "ಚಪ್ಪಲಿ ಚೆನ್ನಾಗಿದೆ, ಇನ್ನೊಂದು ಕಾಲಿನದ್ದೆಲ್ಲಿ?" ಎಂದಳು. ತಮ್ಮ ವಾರ್ನಿಷ್ ಶೀಶೆಯ ಮೇಲೆ 'ಬೇಗ ಒಣಗುತ್ತದೆ' ಎಂದಿತ್ತು. ಅದು ಮನುಷ್ಯರ ಲೆಕ್ಕದ ಬೇಗವೋ ಕಲ್ಲಿನ ಆಯುಸ್ಸಿನ ಲೆಕ್ಕದ್ದೋ ಎಂದು ತಿಳಿಸದೆ ಬಿಟ್ಟದ್ದು ತಮ್ಮ ವಿನಯ.

ಭಾನುವಾರ ಬೆಳಿಗ್ಗೆ ಆ ಬಿಲ್ಲೆಯನ್ನು ಟೇಬಲ್ಲಿನ ಮೇಲಿಟ್ಟು, ಅದರ ಮೇಲೆ ಮಾವನವರ ಚಹಾ ಇಟ್ಟೆ. ಅವರು ಲೋಟ ಎತ್ತಿದರು; ಕಲ್ಲೂ ಜೊತೆಗೇ ಎದ್ದಿತು. ತಳದ ಬಟ್ಟೆ ಮಾತ್ರ ಕಳಚಿ ಅವರ ತೊಡೆಯ ಮೇಲೆ ಬಿತ್ತು. ತುಂಬಿದ ಬಸ್ಸನ್ನು ಘಟ್ಟದ ತಿರುವುಗಳಲ್ಲಿ ಇಳಿಸಿದ ಅವರು ಇಂಥದ್ದಕ್ಕೆಲ್ಲ ಬೆಚ್ಚುವವರಲ್ಲ. ಕಲ್ಲಿನ ಸಮೇತ ಗಂಭೀರವಾಗಿ ಚಹಾ ಕುಡಿದು ಲೋಟ ಕೆಳಗಿಟ್ಟರು. ತಳದಲ್ಲಿ ಉಳಿದಿದ್ದ ಅಂಟು ತನ್ನ ಕರ್ತವ್ಯ ಮಾಡಿತು. ಮತ್ತೆ ಎತ್ತಲು ಹೋದಾಗ ಲೋಟ, ಕಲ್ಲು, ಟೇಬಲ್ಲು ಮೂರೂ ಒಂದೇ ಕುಟುಂಬವಾಗಿದ್ದವು. ಇಂಥ ಒಗ್ಗಟ್ಟು ನಮ್ಮ ಮನೆಯಲ್ಲಿ ಯಾರಲ್ಲೂ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

"ಅಳಿಯಂದ್ರೇ, ನೀವು ಕಾಲು ಹಿಡ್ಕೊಳ್ಳಿ, ನಾನು ಎಳೀತೀನಿ" ಎಂದರು ಮಾವನವರು. ಟೇಬಲ್ಲಿನ ಕಾಲು ಎಂದು ಅರ್ಥವಾಗಲು ನನಗೆ ತುಸು ಹೊತ್ತು ಹಿಡಿಯಿತು, ಏಕೆಂದರೆ ಅವರು ನನ್ನನ್ನೇ ನೋಡಿ ಮಾತಾಡುತ್ತಿದ್ದರು. ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ನಾನು ಟೇಬಲ್ಲಿನ ಕೆಳಗೂ ಅವಳಪ್ಪ ಮೇಲೂ ಇದ್ದೆವು. "ನೀವಿಬ್ರೂ ಮಾತಾಡ್ತಿದ್ದೀರಾ?" ಎಂದು ಕೇಳಿದಳು. "ಸುಮ್ನಿರು, ಕೆಲಸ ನಡೀತಿದೆ" ಎಂದರು ಅವರು. ಕೊನೆಗೆ ವಾಚಿನ ಬೆನ್ನು ತೆಗೆಯುವ ನನ್ನ ತೆಳು ಅಲಗು ತೂರಿಸಿ ಕಲ್ಲು ಬಿಡಿಸಿದೆವು; ಬಿಲ್ಲೆಯಗಲ ಪಾಲಿಶ್ ಕಿತ್ತುಬಂತು. ನಾನು ಬಾಗಿಲ ಕಡೆ ನೋಡಿದೆ. ಮಾವನವರು ಆ ಜಾಗವನ್ನು ಬೆರಳಲ್ಲಿ ಸವರಿ, "ನಾನೇ ಪಾಲಿಶ್ ತೆಳ್ಳಗೆ ಹಾಕ್ಬಿಟ್ಟಿದ್ದೆ ಅನ್ಸುತ್ತೆ" ಎಂದು ಹೇಳಿ, ನನ್ನ ಕುಂಚ ಎತ್ತಿಕೊಂಡು, ಉಳಿದ ಬಿಲ್ಲೆಯೊಂದರ ಮೇಲೆ ಬಸ್ಸು ಬಿಡಿಸಿದರು.

ಮಾನ್ಯರೇ, ನನ್ನ ದೂರು ಶುರುವಾಗುವುದೇ ಇಲ್ಲಿಂದ. ಬಿಲ್ಲೆಗಳು ಮುಗಿದ ಮೇಲೆ ಅವರು ಒರಳಿನ ಮೇಲೆ ಬಸ್ಸು ಬಿಡಿಸಿದರು, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಡಬಲ್ ಡೆಕ್ಕರ್ ಬಿಡಿಸಿದರು, ಪಕ್ಕದ ಮನೆಯವರು ಊರಿಗೆ ಹೋಗಿದ್ದಾಗ ಅವರ ಮೆಟ್ಟಿಲುಗಳನ್ನು ಡಿಪೋ ಮಾಡಿದರು. "ಚಕ್ರ ಬಿಡಿಸೋಕೆ ನಿಮ್ಮ ಕೈಯೇ ಬೇಕು ಅಳಿಯಂದ್ರೇ" ಎಂದು ನನ್ನನ್ನು ಅಂಗಡಿಯಿಂದ ಎಬ್ಬಿಸಿ ಕರೆತರುತ್ತಾರೆ, ನಾನೂ ಮೂರ್ಖನಂತೆ ಖುಷಿಯಾಗಿ ಹೋಗುತ್ತೇನೆ. ಊರಿನ ಅರ್ಧ ವಾಚುಗಳು ನನ್ನ ಅಂಗಡಿಯಲ್ಲಿ ನಿಂತೇ ಇವೆ. ಆದ್ದರಿಂದ ತಾವು ದಯಮಾಡಿ ನಿವೃತ್ತ ಚಾಲಕರ ಕೈಗೆ ಹತ್ತದ ಬಣ್ಣ, ಕುಂಚ ಕಂಡರೆ ಓಡಿಹೋಗುವ ಕಲ್ಲು, ಅದೂ ಆಗದಿದ್ದರೆ ಚಕ್ರವಿಲ್ಲದ ಬಸ್ಸನ್ನಾದರೂ ಕಂಡುಹಿಡಿಯಬೇಕೆಂದು ಪ್ರಾರ್ಥಿಸುತ್ತೇನೆ.

ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಬರೆಯುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಚಕ್ರದ ವಿಭಾಗದ ಅಳಿಯ

ತಾ.ಕ.: ತಮ್ಮ ಮುಚ್ಚಳದ ಮೇಲಿನ ಚಿತ್ರದಲ್ಲಿ ಒಂದೂ ಬಸ್ಸಿಲ್ಲವೆಂದು ಮಾವನವರಿಗೆ ಬಹಳ ಬೇಸರವಾಗಿದ್ದು, ಸೋಮವಾರ ಖುದ್ದಾಗಿ ತಮ್ಮ ಕಚೇರಿಗೆ ಬಂದು ಅದನ್ನು ಸರಿಪಡಿಸಿಕೊಡಲು ಹೊರಟಿದ್ದಾರೆ. ತಮ್ಮಲ್ಲಿರುವ ಕಲ್ಲಿನ ಸಾಮಾನು ಈಗಿರುವಂತೆಯೇ ಇರಲಿ ಎಂಬ ಆಸೆಯಿದ್ದರೆ, ಅಂದು ಒಳಗಿಟ್ಟು ಬೀಗ ಹಾಕಿ.