ಹನ್ನೊಂದು ಆಲ್ಬಮ್, ಒಂದು ಹೆಬ್ಬೆರಳು: ಅರ್ಹತಾ ಸಮಿತಿಗೆ ಬಹಿರಂಗ ಪತ್ರ

ಗೆ,
ಶ್ರೀ ಥ್ಯಾಡಿಯಸ್ ಕ್ವಿಗ್ ಅವರು,
ಅಧ್ಯಕ್ಷರು, ಅರ್ಹತಾ ಸಮಿತಿ,
ಹವ್ಯಾಸಿ ವಿಮಾನ ಓಟದ ಸಂಘ, ನೆವಾಡಾ.

ಮಾನ್ಯರೇ,

ತಮಗೂ, ತಮ್ಮ ತಕ್ಕಡಿಗೂ, ತಾವು ಕಂಕುಳಲ್ಲಿ ಇಟ್ಟುಕೊಂಡೇ ಉಣ್ಣುವ ತೊಂಬತ್ತಾರು ಪುಟಗಳ ನಿಯಮಾವಳಿಗೂ ಹ್ಯಾಟು ತೆಗೆದು, ತಲೆ ಬಾಗಿಸಿ ವಂದನೆಗಳು.

ಓಟಕ್ಕಿಳಿಯುವ ವಿಮಾನವನ್ನು ಅದರ ಪೈಲಟ್ಟೇ ಅರ್ಧಕ್ಕಿಂತ ಹೆಚ್ಚು ಕಟ್ಟಿರಬೇಕು, ಕಟ್ಟಿದ್ದಕ್ಕೆ ಫೋಟೊ ಸಾಕ್ಷಿ ಇರಬೇಕು ಎಂಬ ತಮ್ಮ ನಾಲ್ಕನೇ ನಿಯಮವನ್ನು ನಾನು ಎಷ್ಟು ಗೌರವಿಸಿದೆನೆಂದರೆ, ಒಂಬತ್ತು ವರ್ಷ ನಮ್ಮ ಶೆಡ್ಡಿನಲ್ಲಿ ನನ್ನ 'ಜೀರುಂಡೆ' ವಿಮಾನವನ್ನು ಕಟ್ಟುವಾಗ, ತಗಡಿಗೆ ತಗಡು ಬೆಸೆಯುವ ರಿವೆಟ್ ಮೊಳೆಗೊಂದರಂತೆ ಚಿತ್ರ ತೆಗೆದೆ. ಕ್ಯಾಮೆರಾ ಹೊಸದು, ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಹಾಗಾಗಿ ರಿವೆಟ್ ಹೊಡೆಯುವವನು ನಾನು, ಹೊಡೆದಾದ ಮೇಲೆ ಚಿತ್ರಕ್ಕೆಂದು ರಿವೆಟ್ ಗನ್ನು ಹಿಡಿದು ನಿಲ್ಲುವವಳು ನನ್ನ ಹೆಂಡತಿ ವರ್ನಾ. "ಅಲ್ಲಾಡ್ಬೇಡ ಕಣೇ, ಆ ಗನ್ನು ಸ್ವಲ್ಪ ಮೇಲೆತ್ತು" ಎಂದು ನಾನು, "ಬೇಗ ತೆಗಿ ಮಾರಾಯ, ಒಲೆ ಮೇಲೆ ಬೀನ್ಸ್ ಸೀಯ್ತಿದೆ" ಎಂದು ಅವಳು.

ಹೀಗೆ ಹನ್ನೊಂದು ಆಲ್ಬಮ್ ತುಂಬಿದವು. ಮೊನ್ನೆ ಗುರುವಾರ ತಾವು ನಮ್ಮ ಮನೆಗೇ ಬಂದು, ವರ್ನಾ ಮಾಡಿದ ಬನ್ನಿನಂಥ ಮೆತ್ತನೆ ಬಿಸ್ಕೆಟ್ಟಿನ ಮೇಲೆ ಗ್ರೇವಿ ಸುರಿದುಕೊಂಡು, ಅವನ್ನೆಲ್ಲ ತಿರುವಿ ಹಾಕಿ ತೀರ್ಪು ಕೊಟ್ಟಿರಿ: ರೆಕ್ಕೆ ಕಟ್ಟಿದ್ದು ವರ್ನಾ, ಬಾಲ ಕಟ್ಟಿದ್ದು ವರ್ನಾ, ಆರಿನ್ ಟ್ಯಾಕೆಟ್ ಎಂಬ ವ್ಯಕ್ತಿ ಯಾವ ಚಿತ್ರದಲ್ಲೂ ಇಲ್ಲ. ಏಳನೇ ಆಲ್ಬಮಿನಲ್ಲಿ ಲೆನ್ಸಿಗೆ ಅಡ್ಡ ಬಂದ ಹೆಬ್ಬೆರಳು ನನ್ನದೇ ಎಂದು ಗೋಗರೆದರೆ, "ಬೆರಳು ಯಾರ್ದು ಬೇಕಾದ್ರೂ ಆಗಿರ್ಬಹುದು ಕಣಪ್ಪಾ ಆರಿನ್" ಎನ್ನುತ್ತ ಎರಡನೇ ಸಲ ಗ್ರೇವಿ ಹಾಕಿಸಿಕೊಂಡಿರಿ. ಎಂಥ ನ್ಯಾಯನಿಷ್ಠೆ, ಎಂಥ ಜಠರನಿಷ್ಠೆ!

ಭಾನುವಾರ ಓಟ. ನನ್ನ ಹಾರಾಟಕ್ಕೆ ಡಾಕ್ಟರು ಕೊಟ್ಟಿರುವ ಪತ್ರ ಈ ತಿಂಗಳಿಗೆ ಮುಗಿಯುತ್ತದೆ. ಇನ್ನೊಂದು ಕೊಡುವುದಿಲ್ಲ ಎಂದಿದ್ದಾರೆ. ವರ್ನಾ ಆದರೋ ಹೊಲಗಳಿಗೆ ಔಷಧ ಸಿಂಪಡಿಸುವ ವಿಮಾನವನ್ನು ಇಪ್ಪತ್ತು ವರ್ಷ ಹಾರಿಸಿದವಳು. ನಿಯಮದಂತೆ ಓಟಕ್ಕಿಳಿಯಬೇಕಾದವಳು ಅವಳೇ ಎಂದು ತಾವು ಅಪ್ಪಣೆ ಕೊಡಿಸಿದಾಗ ಏಪ್ರನ್ ಬಿಚ್ಚಿ ಕುರ್ಚಿಗೆ ಎಸೆದು, "ಒಂಬತ್ತು ವರ್ಷ ಅಲ್ಲಾಡ್ದೆ ನಿಂತಿದ್ದೀನಿ, ಈಗ ಸ್ವಲ್ಪ ಅಲ್ಲಾಡ್ತೀನಿ" ಎಂದಳು.

ಅಷ್ಟಕ್ಕೇ ನಿಂತಿತೇ? ಪೈಲಟ್ ನೂರ ಅರವತ್ತು ಪೌಂಡು ತೂಗಬೇಕು, ಕಡಿಮೆ ಬಿದ್ದರೆ ಅಷ್ಟೇ ತೂಕದ ಹೊರೆಯನ್ನು ಸೀಟಿನ ಹಿಂದೆ ಬಿಗಿಯಬೇಕು ಎಂಬುದು ಒಂಬತ್ತನೇ ನಿಯಮ. ವರ್ನಾ ನೂರ ಹದಿನೆಂಟು. ಕೊರತೆ ನಲವತ್ತೆರಡು. ಆದಕಾರಣ ಆ ಹೊರೆಯಾಗಿ ನನ್ನನ್ನೇ ಸ್ವೀಕರಿಸಬೇಕೆಂದು ಸವಿನಯ ಪ್ರಾರ್ಥನೆ. ನಾನು ಇನ್ನೂರ ಹತ್ತು ತೂಗುವುದರಿಂದ, ಪೂರ್ತಿ ಬೇಡವೆನಿಸಿದರೆ ಎಡಗಾಲೂ ಒಂದಿಷ್ಟು ಸೊಂಟವೂ ಸಾಕಾದೀತು. ಉಳಿದದ್ದು ನೆಲದ ಮೇಲೆ ನಿಂತು ಚಪ್ಪಾಳೆ ತಟ್ಟುತ್ತದೆ. ನಲವತ್ತು ವರ್ಷದಿಂದ ನಾನು ಅವಳಿಗೆ ಹೊರೆಯೆಂದು ಅವಳೇ ಊರೆಲ್ಲ ಸಾರಿದ್ದಾಳೆ. ಅನುಭವ ಪತ್ರ ಬೇಕಿದ್ದರೆ ಬರೆದುಕೊಡುತ್ತಾಳೆ.

ಇದೂ ಆಗದಿದ್ದರೆ, ಕಾಲವನ್ನು ಒಂಬತ್ತು ವರ್ಷ ಹಿಂದಕ್ಕೆ ತಿರುಗಿಸಿ ಕ್ಯಾಮೆರಾವನ್ನು ವರ್ನಾಳ ಕೈಗೆ ಕೊಡುವ ಉಪನಿಯಮವೊಂದನ್ನು ಶನಿವಾರದೊಳಗೆ ಜಾರಿಗೆ ತರಬೇಕಾಗಿ ವಿನಂತಿ.

ತಮ್ಮ ತಕ್ಕಡಿಗೆ ಸದಾ ತಗ್ಗಿ ನಡೆಯುವ,
ತಮ್ಮ ವಿಶ್ವಾಸಿ,
ಆರಿನ್ ಟ್ಯಾಕೆಟ್
(ವಿಮಾನ ಕಟ್ಟಿದವನು; ತಮ್ಮ ಪ್ರಕಾರ ಫೋಟೊ ತೆಗೆದವನು)

ಮರೆತ ಮಾತು: ತಮ್ಮ ಉತ್ತರಕ್ಕೆ ಕಾಯದೆ ವರ್ನಾ ಹೊರೆಯನ್ನು ಹುಡುಕಿಕೊಂಡಿದ್ದಾಳೆ. ಹನ್ನೊಂದು ಆಲ್ಬಮ್‌ಗಳನ್ನು ತಕ್ಕಡಿಗೆ ಹಾಕಿದರೆ ಸರಿಯಾಗಿ ನಲವತ್ತೆರಡು ಪೌಂಡು. ತಮ್ಮ ಸಮಿತಿಯವರೇ ಮುದ್ರೆ ಒತ್ತಿ ಹೋದರು. ಏಳನೆಯದನ್ನು ಅವಳು ತನ್ನ ಬೆನ್ನಿಗೆ ತಾಗುವಂತೆ ಎಲ್ಲಕ್ಕಿಂತ ಮುಂದೆ ಬಿಗಿದುಕೊಂಡಿದ್ದಾಳೆ. ಭಾನುವಾರ 'ಜೀರುಂಡೆ' ಗೆದ್ದರೆ, ಅದರೊಳಗಿದ್ದ ಹೆಬ್ಬೆರಳು ಯಾರದೆಂದು ಕೇಳಲು ದಯವಿಟ್ಟು ಮನೆಗೆ ಬನ್ನಿ. ಗ್ರೇವಿ ಇರುವುದಿಲ್ಲ.